ಹದಿನೇಳು ಹಿಸ್ಸೆಯ ಹೃದಯ

ತಿಕೋಟಾ
9 ಏಪ್ರಿಲ್ 2025

ಗೆಳೆಯ ಸೈಫುದ್ದೀನನಿಗೆ ಅಮರಪ್ಪನ ನಮಸ್ಕಾರ.

ಫೋನ್ ಬಿಟ್ಟು ಪತ್ರ ಬರೆದನಲ್ಲ ಎಂದು ಗಾಬರಿಯಾಗಬೇಡ. ನಮ್ಮ ಮನೆಯಲ್ಲಿ ಫೋನ್ ಬಂದರೆ ನಮ್ಮಾಕೆ ಲಕ್ಕವ್ವ ರೊಟ್ಟಿ ಹಿಟ್ಟಿನ ಕೈಯಿಂದಲೇ ಅದನ್ನು ಸ್ಪೀಕರಿಗೆ ಹಾಕುತ್ತಾಳೆ. ನಿನ್ನ ಫೋನು ಯಾವಾಗಲೂ ಸಾಯಿರಾ ಭಾಬಿಯ ಹತ್ತಿರ ಇರುತ್ತದೆ. ಎದೆಯ ವಿಷಯ ಎರಡೂ ಮನೆಗೆ ತಿಳಿಯುವುದು ಬೇಡ. ನೀನು ಸರ್ವೇ ಖಾತೆಯಲ್ಲಿ ಊರೂರು ತಿರುಗುತ್ತಿದ್ದಾಗ ಬರೆದುಕೊಂಡಂತೆ ಈಗಲೂ ಬರೆದುಕೊಳ್ಳೋಣ.

ಸೋಮವಾರ ನಡೆದದ್ದನ್ನು ನನಗೆ ನೆನಪಿದ್ದ ಹಾಗೆ ಬರೆಯುತ್ತೇನೆ, ತಪ್ಪಿದ್ದರೆ ತಿದ್ದು. ಎದೆ ಉರಿಯುತ್ತಿದ್ದದ್ದು ನನಗೆ. ನೀನು ಬಂದದ್ದು ಜೊತೆಗೆ. ಕಣ್ಣು ತೋರಿಸಿಕೊಳ್ಳಲು ವಿಜಯಪುರಕ್ಕೆ ಹೋಗುತ್ತೇವೆಂದು ಮನೆಯಲ್ಲಿ ಇಬ್ಬರೂ ಹೇಳಿದ್ದೆವು. ಡಾಕ್ಟರ್ ಗೌತಮ ಅವರು ನಿನಗೆ ಸಕ್ಕರೆ ಕಾಯಿಲೆ ಇದೆಯೆಂದು ಕೇಳಿ, "ಹೆಂಗೂ ಜೋಡಿಗಿ ಬಂದೀರಿ, ನಿಮ್ಮದೂ ನೋಡಿಬಿಡೂಣು," ಎಂದರು. ಇಸಿಜಿ ಇಬ್ಬರದೂ ಸರಿ. ಎಕೋ ಇಬ್ಬರದೂ ಸರಿ. ಹೃದಯ ರಕ್ತ ನೂಕುವ ಲೆಕ್ಕದಲ್ಲಿ ಇಬ್ಬರಿಗೂ ಅರವತ್ತು. ಅಲ್ಲಿಗೆ ಬಿಡಬಹುದಿತ್ತು. ಅದೇ ಮಶೀನಿನಲ್ಲಿ ಸ್ಟ್ರೇನ್ ಎಂಬ ಇನ್ನೊಂದು ಅಳತೆ ಇದೆ, ಅದನ್ನೂ ತೆಗೆಯಿರಿ ಎಂದರು.

ಮಶೀನು ನಡೆಸುವ ಹುಡುಗಿ ನಿಖತ ತಿಳಿಸಿ ಹೇಳಿದಳು: "ಕಾಕಾ, ಹೃದಯದ ಗ್ವಾಡಿಯೊಳಗ ಸಣ್ಣ ಸಣ್ಣ ಚುಕ್ಕಿ ಕಾಣತಾವ. ಬಡಿತಕ್ಕೊಮ್ಮೆ ಗ್ವಾಡಿ ಕುಗ್ಗತದ, ಚುಕ್ಕಿ ಹತ್ತರ ಬರತಾವ. ಎಷ್ಟ ಬಂದ್ವು ಅಂತ ಮಶೀನ ಅಳೀತದ. ರಕ್ತ ಕಡಿಮಿ ಸಿಗೂ ಜಾಗಾ ಇದ್ರ ಇದರಾಗ ಮದಲ ಗೊತ್ತಾಗತದ."

ಕುಗ್ಗುತ್ತದೆ ಎಂದಳು, ನೀನೂ ಕೇಳಿದೆ. ಕುಗ್ಗುವುದೆಂದರೆ ಏನೆಂದು ನನಗೆ ಯಾರೂ ಹೇಳಿಕೊಡಬೇಕಿಲ್ಲ. ನಾಲ್ಕು ಕಿಲೋ ದ್ರಾಕ್ಷಿ ಕುಗ್ಗಿ ಒಂದು ಕಿಲೋ ಮಣೂಕ ಆಗುವುದನ್ನು ನಲವತ್ತು ವರ್ಷದಿಂದ ನೋಡುತ್ತಿದ್ದೇನೆ.

ಅಷ್ಟರಲ್ಲಿ ಡಾಕ್ಟರರಿಗೆ ಎಮರ್ಜೆನ್ಸಿ ಬಂತು. "ನಾಳಿ ಹನ್ನೊಂದಕ್ಕ ಇಬ್ಬರೂ ಬರ್ರಿ," ಎಂದು ಓಡಿದರು. ನಾವು ಕಾಗದಗಳನ್ನು ಬಸ್ ಸ್ಟ್ಯಾಂಡಿನ ಚಹಾದಂಗಡಿಯಲ್ಲಿ ಬಿಚ್ಚಿದೆವು. ಒಂದು ದುಂಡು ಚಿತ್ರ, ಅದರೊಳಗೆ ಹದಿನೇಳು ತುಂಡು. ಸರ್ವೇ ನಕ್ಷೆ ನೋಡಿದಂತೆ ನೋಡಿ ನೀನು, "ಹದಿನೇಳ ಹಿಸ್ಸೆ ಮಾಡ್ಯಾರ," ಎಂದೆ. ನನ್ನದು ಹದಿನೇಳೂ ಕಡುಗೆಂಪು. ಮಣೂಕದಲ್ಲಿ ಹಸಿರು ಒಂದನೇ ನಂಬರು, ಹಳದಿ ಎರಡು. ಕೆಂಪಿಗೆ ತಿರುಗಿತೆಂದರೆ ಕೆಟ್ಟ ಮಾಲು, ಬೇರೆ ರಾಶಿಗೆ ಹೋಗುತ್ತದೆ. ನಿನ್ನದು ಅಂಚಿನಲ್ಲಿ ಮಾತ್ರ ಕೆಂಪು. ನಡುವೆ ತಿಳಿ ಗುಲಾಬಿ, ಒಂದು ಕಡೆ ಬಿಳುಪು, ಒಂದು ತುಂಡಿಗೆ ತುಸು ನೀಲಿ. ಇಷ್ಟು ತಿಳಿಯಾದ ಮಾಲು ನಮ್ಮ ಶೆಡ್ಡಿಗೆ ಬಂದರೆ ಕೈಯಿಂದ ಕೆಳಗಿಡಲು ಮನಸ್ಸಾಗುವುದಿಲ್ಲ.

ನೀನು ಬಣ್ಣ ನೋಡಲಿಲ್ಲ, ಅಂಕಿ ನೋಡಿದೆ. ನನ್ನದು ಮೈನಸ್ ಇಪ್ಪತ್ತೊಂದು, ನಿನ್ನದು ಮೈನಸ್ ಹದಿಮೂರು. ಮೈನಸ್ ಗೆರೆಯ ಮೇಲೆ ಬೆರಳಿಟ್ಟು ಎರಡೆರಡು ಸಲ ನೋಡಿದೆ. ಆಮೇಲೆ ಎದ್ದು ಚಹಾದ ದುಡ್ಡು ನೀನೇ ಕೊಟ್ಟೆ. ಐವತ್ತು ವರ್ಷದ ಗೆಳೆತನದಲ್ಲಿ ಅದು ಮೊದಲ ಸಲ. ನನ್ನ ಕಥೆ ಮುಗಿದಿದೆ ಎಂದು ಆಗಲೇ ತಿಳಿಯಿತು.

ಇನ್ನೂ ಒಂದು ಮಾತು. ನನ್ನದನ್ನು ಆ ಹುಡುಗಿ ಐದು ನಿಮಿಷದಲ್ಲಿ ಮುಗಿಸಿ, ಈ ವರ್ಷ ಮಣೂಕ ಹೇಗಿದೆ ಎಂದು ನಗುತ್ತ ಕೇಳಿದಳು. ಮುಗಿದವನ ಜೊತೆ ಇನ್ನೇನು ಮಾತಾಡುತ್ತಾರೆ? ನಿನ್ನದನ್ನು ಮೂರು ಸಲ ತೆಗೆದಳು. ಡಾಕ್ಟರರನ್ನು ಕರೆದು ತೋರಿಸಿದಳು. ಅಂಥ ಎದೆ ಅವರಿಗೆ ದಿನಾ ಸಿಗುವುದಿಲ್ಲ.

ಮಂಗಳವಾರ ನಾನು ಹೋಗಲಿಲ್ಲ. ನೀನು ಹೋಗುವ ಅಗತ್ಯವೇ ಇಲ್ಲ.

ನಿನ್ನ
ಅಮರಪ್ಪ

ತಾ.ಕ.: "ಚಸ್ಮಾ ಎಲ್ಲೈತಿ?" ಎಂದು ಲಕ್ಕವ್ವ ಕೇಳುತ್ತಾಳೆಂದು ಹೊಳೆದು ಬಸ್ ಸ್ಟ್ಯಾಂಡಿನ ಹೊರಗೆ ಒಂದನ್ನು ಕೊಂಡಿದ್ದೆ. ಹಾಕಿಕೊಂಡರೆ ಮನೆಯ ಹೊಸ್ತಿಲು ಎರಡಾಗಿ ಕಾಣುತ್ತದೆ.

*

ಬಬಲೇಶ್ವರ
12 ಏಪ್ರಿಲ್ 2025

ಅಮರಪ್ಪನಿಗೆ,

ನಿನ್ನ ಪತ್ರ ನಿನ್ನೆ ಮಧ್ಯಾಹ್ನ ಮೂರು ನಲವತ್ತಕ್ಕೆ ತಲುಪಿತು.

ಬಣ್ಣವೊಂದನ್ನೇ ನೋಡಿ ತೀರ್ಮಾನಿಸುವುದು ಸರಿಯಲ್ಲ ಎಂದು ಬರೆಯಬೇಕೆಂದಿದ್ದೆ. ಆದರೆ ನೀನು ಬಣ್ಣದಿಂದ ಮುಟ್ಟಿದ ತೀರ್ಮಾನವನ್ನು ನಾನು ಅಂಕಿಯಿಂದ ಮುಟ್ಟಿದ್ದೇನೆ. ಮೈನಸ್ ಎಂದರೆ ಕೊರತೆ. ನಿನಗೆ ಇಪ್ಪತ್ತೊಂದು ಕೊರತೆ, ನನಗೆ ಹದಿಮೂರು. ಎರಡು ಬೇರೆ ಕಡೆಯಿಂದ ಅಳೆದು ಒಂದೇ ಉತ್ತರ ಬಂದರೆ ಅಳತೆ ಸರಿ ಎಂದು ನಮಗೆ ಖಾತೆಯಲ್ಲಿ ಕಲಿಸಿದ್ದರು. ಈ ಸಲ ಆ ನಿಯಮ ನನಗೆ ಇಷ್ಟವಾಗಲಿಲ್ಲ.

ಹಾಗೆಂದು ನೀನು ಡಾಕ್ಟರರ ಹತ್ತಿರ ಹೋಗದಿರುವುದು ಮೂರ್ಖತನ. ನಾನು ಹೋಗದಿದ್ದರೆ ನಡೆಯುತ್ತದೆ. ನಿನ್ನ ವಿಷಯ ಬೇರೆ. ಉಪ್ಪು, ಎಣ್ಣೆ ಕಡಿಮೆ ಮಾಡು. ದ್ರಾಕ್ಷಿ ಒಣಗಿಸುವ ರ‍್ಯಾಕಿನ ಮೇಲೆ ಹತ್ತಬೇಡ. ಮಣೂಕದ ಡಬ್ಬ ಎತ್ತಬೇಡ.

ನಾನು ಆರಾಮ ಇದ್ದೇನೆ. ಮನೆಯಿಂದ ಮಸೀದಿಗೆ 412 ಹೆಜ್ಜೆ. ಮೊದಲು ಒಂದೇ ಉಸಿರಿಗೆ ಹೋಗುತ್ತಿದ್ದೆ. ಈಗ 180ನೇ ಹೆಜ್ಜೆಗೆ ಒಮ್ಮೆ, 300ಕ್ಕೆ ಒಮ್ಮೆ ನಿಲ್ಲುತ್ತೇನೆ. ಅಲ್ಲಿ ಹೊಸ ಗಟಾರದ ಕೆಲಸ ನಡೆದಿದೆ, ಅದನ್ನು ನೋಡುತ್ತೇನೆ. ಸಾಯಿರಾ, "ಆ ಗಟಾರದಾಗ ಏನ್ ಇಟ್ಟೀರಿ? ದಿನಾ ನಿಂತ ನೋಡತೀರಿ," ಎನ್ನುತ್ತಾಳೆ. ಇಳಿಜಾರು ತಪ್ಪಿದೆ ಎಂದು ಹೇಳಿದ್ದೇನೆ. ಇಳಿಜಾರು ನಿಜವಾಗಿಯೂ ತಪ್ಪಿದೆ.

ಸೈಫುದ್ದೀನ

*

ತಿಕೋಟಾ
15 ಏಪ್ರಿಲ್ 2025

ಪ್ರಿಯ ಸೈಫುದ್ದೀನ,

ನಿನ್ನ ಪತ್ರ ಓದಿ ಧೈರ್ಯ ಬಂತು. ಅಂಕಿಯೂ ಅದನ್ನೇ ಹೇಳುತ್ತದೆಂದ ಮೇಲೆ ಇನ್ನು ತಡಮಾಡುವಂತಿಲ್ಲ, ಮಾಡಬೇಕಾದ್ದನ್ನು ಮಾಡಿ ಮುಗಿಸಬೇಕು.

ಆಸ್ಪತ್ರೆಯಿಂದ ದಿನಾ ಫೋನು. ಆ ದಿನ ಇಬ್ಬರ ಅರ್ಜಿಯಲ್ಲೂ ನನ್ನ ನಂಬರೇ ಬರೆಸಿದ್ದೆವಲ್ಲ, ಸಾಯಿರಾ ಭಾಬಿಯ ಕೈಗೆ ಸಿಗಬಾರದೆಂದು. ಆ ನಂಬರು ಕಂಡ ಕೂಡಲೇ ಕತ್ತರಿಸುತ್ತೇನೆ. ಸಾಯುವ ಸುದ್ದಿಯನ್ನು ಸ್ಪೀಕರಿನಲ್ಲಿ ಕೇಳುವ ಮನಸ್ಸಿಲ್ಲ.

ಒಪ್ಪಿಕೊಳ್ಳಬೇಕಾದ ತಪ್ಪು ಎರಡಿವೆ. ಮೊದಲನೆಯದು, ಏಳನೇ ಇಯತ್ತೆಯಲ್ಲಿ ನಿನ್ನ ಕಂಪಾಸ್ ಪೆಟ್ಟಿಗೆಯಿಂದ ಕಳೆದುಹೋದ ಕೈವಾರ ನನ್ನ ಹತ್ತಿರ ಇದೆ. ಇದರ ಜೊತೆ ಕಳಿಸಿದ್ದೇನೆ. ಮುಳ್ಳು ಮೊಂಡಾಗಿದೆ, ಪೆಟ್ಟಿಗೆಗಳ ಮೇಲೆ ನಂಬರು ಕೊರೆಯಲು ಬಳಸುತ್ತಿದ್ದೆ.

ಎರಡನೆಯದನ್ನು ಬರೆಯಲು ಕೈ ಬರುವುದಿಲ್ಲ. 1994ರಲ್ಲಿ ನನ್ನ ತೋಟಕ್ಕೂ ಪರಸಪ್ಪನ ಹೊಲಕ್ಕೂ ಹದ್ದು ಗುರುತಿಸಲು ಖಾತೆ ನಿನ್ನನ್ನೇ ಕಳಿಸಿತು. ನೀನು ಬರುವ ಹಿಂದಿನ ಸಂಜೆ ನಾನು ಬಾಂದಗಲ್ಲನ್ನು ಹಾರೆಯಿಂದ ಎಬ್ಬಿಸಿ, ಪರಸಪ್ಪನ ಕಡೆಗೆ ಒಂದೆರಡು ಹೆಜ್ಜೆ ಸರಿಸಿ ಹೂತೆ. ಮರುದಿನ ನೀನು ಸರಪಳಿ ಹಿಡಿದು ಅಳೆದೆ, ಕಲ್ಲಿನ ಬುಡಕ್ಕೆ ಸಿಮೆಂಟು ಹಾಕಿಸಿದೆ. ಖಾತೆಯಲ್ಲಿ ನಿನ್ನ ಅಳತೆ ಎಂದೂ ತಪ್ಪಿಲ್ಲ ಎನ್ನುತ್ತಾರೆ. ಅದೊಂದು ಸಲ ತಪ್ಪಿತು, ಕಾರಣ ನಾನು. ಮೂವತ್ತೊಂದು ವರ್ಷ ಆ ಕಲ್ಲಿನ ಕಡೆ ಮುಖ ಮಾಡಿ ನಿಂತಿಲ್ಲ ಸೈಫುದ್ದೀನ. ಆ ಮೂಲೆಗೆ ನೀರು ಬಿಡುವುದಿದ್ದರೂ ಬೆನ್ನು ಮಾಡಿ ಬಿಡುತ್ತೇನೆ.

ಕ್ಷಮಿಸಿದೆ ಎಂದು ಒಂದು ಸಾಲು ಬರೆ. ಬೇಗ ಬರೆ.

ಅಮರಪ್ಪ

ತಾ.ಕ.: ಲಕ್ಕವ್ವನ ಎದುರು ಚಸ್ಮಾ ಹಾಕಿಕೊಂಡೇ ಇರಬೇಕಾಗಿದೆ. ನಿನ್ನೆ ಶೆಡ್ಡಿನಲ್ಲಿ ಮಾಲು ಆರಿಸುವ ರಾಚವ್ವ, "ಯಪ್ಪಾ, ನೀವು ಒಂದನೇ ನಂಬರ ಅಂತ ತಗದ ಇಟ್ಟದ್ದು ಮಣೂಕ ಅಲ್ರಿ, ಕಡ್ಡಿ," ಎಂದಳು. ಹೆಣ್ಣುಮಕ್ಕಳೆಲ್ಲ ನಕ್ಕರು. ನಗಲಿ. ಇನ್ನೆಷ್ಟು ದಿನ.

*

ಬಬಲೇಶ್ವರ
18 ಏಪ್ರಿಲ್ 2025

ಅಮರಪ್ಪನಿಗೆ,

ಕೈವಾರ ತಲುಪಿತು. ಅದನ್ನು ಕಳೆದದ್ದಕ್ಕೆ ಅಬ್ಬಾ ಎರಡು ಏಟು ಕೊಟ್ಟಿದ್ದರು. ಕ್ಷಮಿಸಿದ್ದೇನೆ.

ಕಲ್ಲಿನ ವಿಷಯ. ಅದನ್ನೂ ಕ್ಷಮಿಸಿದ್ದೇನೆ. ಆದರೆ ಒಂದೆರಡು ಹೆಜ್ಜೆ ಎಂದು ಬರೆದಿದ್ದೀ. ಒಂದೋ, ಎರಡೋ? ಹೆಜ್ಜೆ ನಿನ್ನದೋ, ಎತ್ತಿನದೋ? ಅಡಿ, ಇಂಚಿನಲ್ಲಿ ಬರೆ. ಸಾಯುವವನ ಮಾತಿಗೆ ಬೆಲೆ ಇರುತ್ತದೆ, ಅದು ಅಳತೆಯಲ್ಲಿದ್ದರೆ ಒಳ್ಳೆಯದು.

ಆಸ್ಪತ್ರೆಯ ಫೋನು ಕತ್ತರಿಸುವುದನ್ನು ನಿಲ್ಲಿಸು. ನೀನು ಒಬ್ಬನೇ ಹೋಗುವುದಿಲ್ಲ ಎಂದು ಗೊತ್ತು, ಆದ್ದರಿಂದ ನಾನೇ ಕರೆದುಕೊಂಡು ಹೋಗುತ್ತೇನೆ. 24ಕ್ಕೆ ಕಾಖಂಡಕಿಯಲ್ಲಿ ಸಾಯಿರಾಳ ತಮ್ಮನ ಮಗಳ ಮದುವೆ ಇದೆ. ಅದು ಮುಗಿದ ಮೇಲೆ 28, ಸೋಮವಾರ.

ಸೈಫುದ್ದೀನ

*

ತಿಕೋಟಾ
21 ಏಪ್ರಿಲ್ 2025

ಪ್ರಿಯ ಸೈಫುದ್ದೀನ,

ಎರಡು ಅಡಿ. ಹೆಚ್ಚಿಲ್ಲ. ದೇವರಾಣೆ.

ನೀನು ಕ್ಷಮಿಸಿದ ಮೇಲೆ ಮನಸ್ಸು ಎಷ್ಟು ಹಗುರಾಯಿತೆಂದರೆ, ಪರಸಪ್ಪನಿಗೂ ಹೇಳಿಬಿಟ್ಟೆ. ಶೆಡ್ಡಿಗೆ ಕರೆಸಿ ಕೂರಿಸಿ, "ಪರಸಪ್ಪಾ, ನಾ ಹೊಂಟೇನಿ," ಎಂದೆ.

"ಎಲ್ಲಿಗಿ ಅಣ್ಣಾ? ವಿಜಯಪುರದ ಬಸ್ ಹೋತಲ್ಲ," ಎಂದ.

"ಆ ಕಡೆ ಅಲ್ಲೋ. ಮ್ಯಾಲ," ಎಂದೆ. ಅವನು ತಲೆಯೆತ್ತಿ ಶೆಡ್ಡಿನ ಮಾಡಿನ ಪತ್ರಾಸು ನೋಡಿದ. ಕಡೆಗೆ ಎಲ್ಲ ಬಿಡಿಸಿ ಹೇಳಿದೆ. ಕಲ್ಲು, ಹಾರೆ, ಎರಡು ಅಡಿ. ಅವನು ಅಳುತ್ತಾನೆ, ಕೈ ಹಿಡಿಯುತ್ತಾನೆ ಎಂದುಕೊಂಡಿದ್ದೆ. ಬದಲಿಗೆ, "ಹಂಗಾರ ಸಾಯೂಕಿಂತ ಮದಲ ಕಲ್ಲ ಕಿತ್ತ ಕೊಟ್ಟಬಿಡ ಅಣ್ಣಾ. ಆಮ್ಯಾಲ ಲಕ್ಕವ್ವಕ್ಕ ಕೊಡಾಂಗಿಲ್ಲ," ಎಂದ.

ಮರುದಿನ ಬೆಳಿಗ್ಗೆ ನೋಡಿದರೆ ನನ್ನ ತೋಟದ ಕಡೆಯ ಸಾಲಿನ ದ್ರಾಕ್ಷಿ ಬಳ್ಳಿಗಳ ಮೇಲೆ ಹಗ್ಗ ಎಳೆದಿದ್ದಾನೆ. ಇರಲಿ. ಹೋಗುವಾಗ ಎರಡು ಅಡಿ ಯಾರು ಹೊತ್ತುಕೊಂಡು ಹೋಗುತ್ತಾರೆ.

28ಕ್ಕೆ ನಾನು ಬರುವುದಿಲ್ಲ. ಪ್ರಯೋಜನವಿಲ್ಲ. ನಿನ್ನೆಗೆ ಆಸ್ಪತ್ರೆಯ ಫೋನು ಹನ್ನೊಂದು ಆಯಿತು. ಸತ್ತೆನೋ ಇಲ್ಲವೋ ಎಂದು ನೋಡುತ್ತಿರಬೇಕು.

ಅಮರಪ್ಪ

*

ಬಬಲೇಶ್ವರ
25 ಏಪ್ರಿಲ್ 2025

ಅಮರಪ್ಪನಿಗೆ,

28ಕ್ಕೆ ಬೆಳಿಗ್ಗೆ ತಿಕೋಟಾಕ್ಕೆ ಬಂದು ನಿನ್ನನ್ನು ಕರೆದುಕೊಂಡು ವಿಜಯಪುರಕ್ಕೆ ಹೋಗುತ್ತೇನೆ. ಬಸ್ಸು ಎಂಟು ಹತ್ತಕ್ಕೆ. ನೀನು ಸ್ಟ್ಯಾಂಡಿನಲ್ಲಿ ಇಲ್ಲದಿದ್ದರೆ ಕ್ಷಮೆಯನ್ನು ಹಿಂದಕ್ಕೆ ಪಡೆಯುತ್ತೇನೆ. ಎರಡನ್ನೂ, ಕೈವಾರದ್ದೂ ಸೇರಿ.

ಮದುವೆ ಚೆನ್ನಾಗಿ ಆಯಿತು. ನಾನು ಊಟದ ಪಂಕ್ತಿಯಲ್ಲಿ ಬಡಿಸುವುದಿತ್ತು, ಆದರೆ ಹುಡುಗರು ಕುರ್ಚಿ ತಂದು ಕೂರಿಸಿದರು. ಸೆಕೆ ಬಹಳ ಇತ್ತು.

ಅಕ್ಷರ ಸೊಟ್ಟಗಿದ್ದರೆ ಏನೂ ತಿಳಿಯಬೇಡ. ಎಡಗೈ ಜಡವಾಗಿದೆ, ಹಾಳೆ ಸರಿಯಾಗಿ ಹಿಡಿಯಲು ಬರುತ್ತಿಲ್ಲ.

ಸೈಫುದ್ದೀನ

*

ವಿಜಯಪುರ, ಆಸ್ಪತ್ರೆಯ ಎರಡನೇ ಮಹಡಿ, ಬಾಗಿಲ ಹೊರಗಿನ ಬೆಂಚು
28 ಏಪ್ರಿಲ್ 2025, ಸಂಜೆ ನಾಲ್ಕು

ಸೈಫುದ್ದೀನ,

ಒಳಗೆ ಬಿಡುವುದಿಲ್ಲ ಎನ್ನುತ್ತಾರೆ. ನೀನು ಗೋಡೆಯ ಆ ಕಡೆ, ನಾನು ಈ ಕಡೆ. ಪತ್ರವಾದರೆ ಕೊಡುತ್ತೇನೆ ಎಂದು ನರ್ಸಬಾಯಿ ಒಪ್ಪಿದ್ದಾಳೆ. ಔಷಧದ ಚೀಟಿಯ ಹಿಂದೆ ಬರೆಯುತ್ತಿದ್ದೇನೆ.

ನಿನ್ನನ್ನು ತಳ್ಳಿಕೊಂಡು ಹೋದ ಮೇಲೆ ಡಾಕ್ಟರರ ಕೋಣೆಯಲ್ಲಿ ನೀನು ಬಿಟ್ಟೆದ್ದ ಕುರ್ಚಿಯಲ್ಲೇ ನಾನು ಕೂತುಬಿಟ್ಟೆ. ನಡೆದದ್ದನ್ನು ಬರೆದರೆ ತಲೆ ಸರಿಯಾಗಬಹುದು.

ಡಾಕ್ಟರರು ನನ್ನ ಕಾಗದ ನೋಡಿದರು. "ಚಲೋ ಅದ. ಮತ್ತೇನ್ ತ್ರಾಸು?" ಎಂದರು.

"ಡಾಕ್ಟರ್ರ, ಪೂರಾ ಕೆಂಪ ಆಗೈತಲ್ರಿ," ಎಂದೆ.

"ಕೆಂಪನ ಆಗಬೇಕ್ರಿ. ಗ್ವಾಡಿ ಚಲೋ ಕುಗ್ಗಾಕತ್ತೈತಿ ಅಂತ ಅರ್ಥ. ಕುಗ್ಗಿದ್ರನ ರಕ್ತ ಹೊರಗ ಹೋಗೂದು."

"ಮೈನಸ್ ಇಪ್ಪತ್ತೊಂದು?"

"ಬಡಿಯೂವಾಗ ಗ್ವಾಡಿ ಉದ್ದ ಕಡಿಮಿ ಆಗತದಲ್ರಿ, ಅದಕ್ಕ ಮೈನಸ್. ಎಷ್ಟ ಹೆಚ್ಚ ಕಡಿಮಿ ಆದ್ರ ಅಷ್ಟ ಚಲೋ. ನಿಮ್ಮ ಎದಿಯುರಿ ಮೆಣಸಿನಕಾಯಿಂದು. ಚಟ್ನಿ ಬಿಡ್ರಿ."

ನಾನು ನಿನ್ನ ಕಡೆ ತಿರುಗಿದೆ. ನೀನು ಬಾಗಿಲ ಹತ್ತಿರ ಕೂತು ಕೈಬೆರಳಿನ ಮೇಲೆ ಏನೋ ಲೆಕ್ಕ ಮಾಡುತ್ತಿದ್ದೆ. ಇಪ್ಪತ್ತೊಂದು ಒಳ್ಳೆಯದಾದರೆ ಹದಿಮೂರು ಏನು ಎಂದು ನನಗಿಂತ ಮೊದಲು ನಿನಗೆ ತಿಳಿಯಿತು, ಮುಖ ನೋಡಿದೆ. ಅಷ್ಟರಲ್ಲಿ ನಿಖತ ಬಂದಳು, ನಿನ್ನನ್ನು ನೋಡಿ ಅಲ್ಲೇ ನಿಂತಳು. "ಕಾಕಾ! ಎಲ್ಲಿ ಹೋಗಿದ್ರಿ ನೀವು? ನಿಮ್ಮ ಸಲುವಾಗಿ ಹದಿನಾರ ಸಲ ಫೋನ ಹಚ್ಚೀನಿ! ಒಬ್ಬಾಂವ ಎತ್ತತಿದ್ದಿಲ್ಲ, ಕಟ್ ಮಾಡತಿದ್ದ!"

ಆ ಒಬ್ಬಾಂವ ನಾನು. ನನ್ನ ಹೆಸರಿಗೆ ಅಲ್ಲ, ನಿನ್ನ ಹೆಸರಿಗೆ ಬಂದ ಫೋನುಗಳು. ಹದಿನಾರು.

ಡಾಕ್ಟರರು ನಿನ್ನ ಕಾಗದ ತೆರೆದರು. ನಾನು ಒಂದನೇ ನಂಬರು ಎಂದ ಆ ತಿಳಿ ಗುಲಾಬಿ, ಆ ಬಿಳುಪು, ರಕ್ತ ಸರಿಯಾಗಿ ಸಿಗದೆ ಕುಗ್ಗಲಾರದ ಜಾಗವಂತೆ. ಆ ನೀಲಿ ತುಂಡು ಕುಗ್ಗುವ ಹೊತ್ತಿನಲ್ಲಿ ಹಿಗ್ಗುತ್ತಿದೆಯಂತೆ. ಕೈ ಜಡ ಎಂದೆಯಲ್ಲ, ಅದೂ ಅದರದೇ ಎಂದರು. ಗಾಲಿ ಕುರ್ಚಿ ತಂದರು. ನೀನು ಕೂರಲು ಒಪ್ಪಲಿಲ್ಲ. "ನಾ ಪೇಷಂಟ್ ಅಲ್ರಿ, ನಾ ಜೋಡಿಗಿ ಬಂದಾಂವ," ಎಂದು ಲಿಫ್ಟಿನ ತನಕ ಹೇಳುತ್ತಲೇ ಇದ್ದೆ.

ಸಾಯಿರಾ ಭಾಬಿಗೆ ಫೋನ್ ಮಾಡಿದ್ದೇನೆ. ಸ್ಪೀಕರಿಗೆ ಹಾಕಿದರು. ಈಗ ಬಬಲೇಶ್ವರಕ್ಕೆಲ್ಲ ಗೊತ್ತು.

ನಲವತ್ತು ವರ್ಷ ಬಣ್ಣ ನೋಡಿ ನಂಬರು ಹಾಕಿದ್ದೇನೆ. ಒಬ್ಬ ವ್ಯಾಪಾರಿಯೂ ಮಾಲು ಹಿಂದಕ್ಕೆ ಕಳಿಸಲಿಲ್ಲ. ಒಂದೇ ಒಂದು ಸಲ ತಪ್ಪಿತು, ಅದೂ ನಿನ್ನದು. ನೀನು ಹೊರಗೆ ಬಾ. ಬಂದು ಬೈ. ಅಲ್ಲಿಯ ತನಕ ಈ ಬೆಂಚು ಬಿಟ್ಟು ಏಳುವುದಿಲ್ಲ.

ಅಮರಪ್ಪ

*

ಹಾಸಿಗೆ ಸಂಖ್ಯೆ 6
29 ಏಪ್ರಿಲ್ 2025

ಅಮರಪ್ಪನಿಗೆ,

ಹೃದಯದ ಮುಂಭಾಗದ ರಕ್ತನಾಳದಲ್ಲಿ ತೊಂಬತ್ತು ಪ್ರತಿಶತ ಅಡಚಣೆ ಇತ್ತು. ನಿನ್ನೆ ಸಂಜೆಯೇ ಸ್ಟೆಂಟು ಹಾಕಿದರು. ಉದ್ದ ಇಪ್ಪತ್ತನಾಲ್ಕು ಮಿಲಿಮೀಟರು, ಅಗಲ ಮೂರು. ಕೇಳಿ ತಿಳಿದುಕೊಂಡಿದ್ದೇನೆ. ಇನ್ನು ಒಂದು ವಾರ ತಡವಾಗಿದ್ದರೆ ಏನಾಗುತ್ತಿತ್ತು ಎಂದೂ ಕೇಳಿದೆ. ಡಾಕ್ಟರರು ಅದಕ್ಕೆ ಅಂಕಿ ಕೊಡಲಿಲ್ಲ.

ತಪ್ಪು ನಿನ್ನೊಬ್ಬನದಲ್ಲ. ಬಣ್ಣದಲ್ಲಿ ನೀನು ತಪ್ಪಿದೆ, ಅಂಕಿಯಲ್ಲಿ ನಾನು ತಪ್ಪಿದೆ. ಎರಡು ಕಡೆಯಿಂದ ಅಳೆದು ಒಂದೇ ಉತ್ತರ ಬಂದರೆ ಸರಿ ಎಂದು ಬರೆದಿದ್ದೆ. ಅಳೆದ ಇಬ್ಬರಿಗೂ ಆ ವಿದ್ಯೆ ಬರುವುದಿಲ್ಲ ಎಂಬುದನ್ನು ಲೆಕ್ಕಕ್ಕೆ ಹಿಡಿದಿರಲಿಲ್ಲ.

ಇನ್ನೊಂದು ವಿಷಯ. ಎದೆ ಹಿಡಿಯುವುದು ಜನವರಿಯಿಂದ ಇತ್ತು. 180ನೇ ಹೆಜ್ಜೆಗೆ ನಿಲ್ಲುತ್ತಿದ್ದದ್ದು ಗಟಾರ ನೋಡಲು ಅಲ್ಲ. ನಿನಗೆ ಬರೆಯಬೇಕೆಂದು ಎರಡು ಸಲ ಕೂತೆ. ಆದರೆ ಸಾಯುತ್ತಿದ್ದವನು ನೀನು. ನಿನ್ನ ಸಾವಿನ ನಡುವೆ ನನ್ನ ಎದೆನೋವು ತರುವುದು ಮರ್ಯಾದೆ ಅನ್ನಿಸಲಿಲ್ಲ.

ನರ್ಸಬಾಯಿ, "ನಿಮ್ಮ ದೋಸ್ತ ರಾತ್ರಿಯೆಲ್ಲ ಬೆಂಚ ಮ್ಯಾಲ ಕುಂತಾರ್ರಿ, ಊಟಾನೂ ಮಾಡಿಲ್ಲ," ಎಂದಳು. ಮನೆಗೆ ಹೋಗು. ಬೈಯುವುದನ್ನು ಅಂಚೆಯಲ್ಲಿ ಕಳಿಸುತ್ತೇನೆ.

ಸೈಫುದ್ದೀನ

*

ತಿಕೋಟಾ
13 ಮೇ 2025

ಪ್ರಿಯ ಸೈಫುದ್ದೀನ,

ಎರಡು ವಾರವಾಯಿತು, ನಿನ್ನ ಬೈಗುಳ ಬರಲಿಲ್ಲ. ನೀನು ಆರಾಮಾಗಿ ಮನೆಗೆ ಬಂದಿದ್ದೀಯೆಂದು ಸಾಯಿರಾ ಭಾಬಿ ಲಕ್ಕವ್ವನಿಗೆ ಫೋನಿನಲ್ಲಿ ಹೇಳಿದ್ದು ಶೆಡ್ಡಿನ ತನಕ ಕೇಳಿಸಿತು.

ನಾನು ಬದುಕಿದ್ದೇನೆ. ಅದರಿಂದ ಬಹಳ ತೊಂದರೆಯಾಗಿದೆ.

ಮೊದಲನೆಯದು ಲಕ್ಕವ್ವ. ಆಸ್ಪತ್ರೆಯಿಂದ ಬಂದ ದಿನ ಚಸ್ಮಾ ಹಾಕಿಕೊಂಡು ಊಟಕ್ಕೆ ಕೂತೆ. "ಅದನ್ನ ತಗೀರಿ. ಎದಿ ತೋರಸ್ಕೊಂಡ ಬಂದಾಂವ್ರು ಕಣ್ಣಿಗಿ ಯಾಕ ಹಚ್ಕೊಂಡೀರಿ?" ಎಂದಳು. ಆಸ್ಪತ್ರೆಯ ಕಾಗದ ಏಪ್ರಿಲ್ ಎಂಟಕ್ಕೇ ಅಂಗಿಯ ಕಿಸೆಯಲ್ಲಿ ಸಿಕ್ಕಿತ್ತಂತೆ. ಪಕ್ಕದ ಮನೆಯ ರೇಣವ್ವನ ಮಗಳಿಗೆ ತೋರಿಸಿದಳಂತೆ. ಆ ಹುಡುಗಿ ನರ್ಸಿಂಗ್ ಕಲಿಯುತ್ತಾಳೆ, ಎದೆ ಗಟ್ಟಿಯಿದೆ ಎಂದು ಓದಿ ಹೇಳಿದಳಂತೆ. "ಮತ್ತ ನನಗ ಯಾಕ ಹೇಳಲಿಲ್ಲ ಬೇ?" ಎಂದೆ. "ನೀವು ನನಗ ಹೇಳಿದ್ರೇನು?" ಎಂದು ರೊಟ್ಟಿ ಬಡಿಯುವುದನ್ನು ಮುಂದುವರಿಸಿದಳು. ಮೂರು ವಾರ ನಾನು ಸಾಯುವುದನ್ನು ನೋಡುತ್ತ ಸುಮ್ಮನಿದ್ದಳು. ಅಷ್ಟು ದಿನ ನಾನು ಜಗಳ ತೆಗೆದಿರಲಿಲ್ಲವಂತೆ.

ಎರಡನೆಯದು ಪರಸಪ್ಪ. ಡಾಕ್ಟರರು ಏನೂ ಇಲ್ಲ ಎಂದರು, ಹಗ್ಗ ತೆಗಿ ಎಂದೆ. "ನೀ ಸಾಯಲಿಲ್ಲ ಅಂದ್ರ ಏನಾತು ಅಣ್ಣಾ, ಕಲ್ಲ ಅಲ್ಲೇ ಐತಲ್ಲ," ಎನ್ನುತ್ತಾನೆ. ನ್ಯಾಯವಾಗಿ ನೋಡಿದರೆ ಅವನ ಮಾತು ಸರಿ. ಆದರೆ ಆ ಎರಡು ಅಡಿಯಲ್ಲಿ ನನ್ನ ಕಡೆಯ ಸಾಲಿನ ಬಳ್ಳಿಗಳಿವೆ. ಹದಿನೆಂಟು ವರ್ಷದ ಬಳ್ಳಿ, ಕಡಿಯಬೇಕು. ಕೊಡಲಿ ತಂದು ಬದುವಿನ ಮೇಲೆ ಇಟ್ಟಿದ್ದಾನೆ. ದಿನಾ ಬಂದು, "ಯಾವಾಗ ಅಣ್ಣಾ?" ಎಂದು ಕೇಳುತ್ತಾನೆ.

ನಿನ್ನನ್ನು ಕೇಳಲು ನನಗೆ ಮುಖವಿಲ್ಲ. ಹದಿನಾರು ಫೋನು ಕತ್ತರಿಸಿದವನು ನಾನು. ಈಗ ಮನೆಯಲ್ಲಿ ಫೋನು ಬಂದರೆ ಯಾರದೇ ಇರಲಿ, ಓಡಿ ಹೋಗಿ ಎತ್ತುತ್ತೇನೆ. ನಿನ್ನೆ ಲೋನ್ ಬೇಕಾ ಎಂದು ಕೇಳಿದ ಹುಡುಗಿಯ ಜೊತೆ ಹತ್ತು ನಿಮಿಷ ಮಾತಾಡಿದೆ. ಆದರೂ ಕೇಳುತ್ತೇನೆ. ಹದ್ದಿನ ವಿಷಯದಲ್ಲಿ ಪರಸಪ್ಪ ಕೇಳುವುದು ನಿನ್ನ ಮಾತೊಂದನ್ನೇ. ಏನಾದರೂ ದಾರಿ ಇದೆಯೇ?

ಅಮರಪ್ಪ

*

ಬಬಲೇಶ್ವರ
3 ಜೂನ್ 2025

ಅಮರಪ್ಪನಿಗೆ,

ತಡವಾಗಿ ಬರೆಯುತ್ತಿದ್ದೇನೆ. ತಿಂಗಳಾದ ಮೇಲೆ ಮತ್ತೆ ಅಳೆಯುತ್ತೇವೆ ಎಂದಿದ್ದರು, ಆ ಅಂಕಿ ಕೈಗೆ ಬಂದ ಮೇಲೆ ಬರೆಯಬೇಕೆಂದಿದ್ದೆ. ನಿನ್ನೆ ಬಂತು. ಮೈನಸ್ ಹದಿನೇಳು. ಹದಿಮೂರಕ್ಕಿಂತ ಹದಿನೇಳು ಹೆಚ್ಚು, ಮೈನಸ್ ಇದ್ದರೂ ಹೆಚ್ಚು. ಇದನ್ನು ಒಪ್ಪಿಕೊಳ್ಳಲು ನನಗೆ ಇನ್ನೂ ಕಷ್ಟ. ನಡುವಿನ ಹಿಸ್ಸೆಗಳು ಕೆಂಪಾಗುತ್ತ ಬಂದಿವೆ. ನೀಲಿ ಹೋಗಿದೆ. ನಿಖತ ಕಾಗದ ಕೊಡುವ ಮೊದಲು, "ಯಾವ ಬಣ್ಣ ಚಲೋ ಹೇಳ್ರಿ ಕಾಕಾ," ಎಂದು ಪರೀಕ್ಷೆ ಮಾಡಿದಳು. ನಿನಗೂ ಈ ಪ್ರಶ್ನೆ ಕೇಳಬೇಕಂತೆ.

ಮಸೀದಿಗೆ 412 ಹೆಜ್ಜೆ ನಿಲ್ಲದೆ ಹೋಗುತ್ತೇನೆ. ಗಟಾರ ಇನ್ನೂ ಮುಗಿದಿಲ್ಲ.

ಈಗ ಕಲ್ಲಿನ ವಿಷಯ.

1994ರಲ್ಲಿ ಆ ಬೆಳಿಗ್ಗೆ ನಾನು ಬಂದಾಗ ಬಾಂದಗಲ್ಲಿನ ಸುತ್ತ ಹಸಿ ಮಣ್ಣಿತ್ತು. ಸ್ವಲ್ಪ ಈಚೆಗೆ, ನಿನ್ನ ಕಡೆ, ಆಗತಾನೇ ಮುಚ್ಚಿದ ಗುಂಡಿ. ನಿನ್ನ ಹಾರೆ ಬದುವಿನ ಮೇಲೇ ಬಿದ್ದಿತ್ತು. ನಿನ್ನನ್ನು ಚಹಾ ತರಲು ಊರೊಳಗೆ ಕಳಿಸಿದೆ. ಪರಸಪ್ಪ ಎತ್ತು ಬಿಡಲು ಹೋಗಿದ್ದ. ನೀವು ಬರುವಷ್ಟರಲ್ಲಿ ನಾನು ಮೂರು ಊರಿನ ಗಡಿ ಕೂಡುವ ಕಲ್ಲಿನಿಂದ ಅಳೆದು, ಬಾಂದಗಲ್ಲನ್ನು ಅದರ ಹಳೆಯ ಗುಂಡಿಗೇ ಇಳಿಸಿ ಸಿಮೆಂಟು ಹಾಕಿಸಿದ್ದೆ. ನೀನು ಚಹಾ ಕೊಟ್ಟೆ, ಕಲ್ಲಿನ ಕಡೆ ನೋಡಲಿಲ್ಲ. ಅಂದಿನಿಂದ ನೋಡಿಯೇ ಇಲ್ಲ ಎಂದು ಈಗ ತಿಳಿಯಿತು. ಕಲ್ಲು ಮೂವತ್ತೊಂದು ವರ್ಷದಿಂದ ಸರಿಯಾದ ಜಾಗದಲ್ಲಿದೆ. ನನ್ನ ಅಳತೆ ತಪ್ಪಿಲ್ಲ. ನಿನ್ನ ಬಳ್ಳಿಗಳು ನಿನ್ನ ನೆಲದಲ್ಲೇ ಇವೆ.

ಆಗಲೇ ಯಾಕೆ ಹೇಳಲಿಲ್ಲ ಎಂದು ಕೇಳುತ್ತೀ. ಹೇಳಿದ್ದರೆ ನೀನು ನಾಚುತ್ತಿದ್ದೆ. ಹೇಳದಿದ್ದರೆ ಮರೆತುಬಿಡುತ್ತೀ ಎಂದುಕೊಂಡಿದ್ದೆ. ಅದು ನನ್ನ ತಪ್ಪು ಅಳತೆ, ಅದಕ್ಕೆ ಕ್ಷಮೆ ಕೇಳುತ್ತೇನೆ. ಏಪ್ರಿಲಿನಲ್ಲಿ ಹೇಳಬಹುದಿತ್ತು. ಆದರೆ ಸಾಯುವ ಮನುಷ್ಯ ತನ್ನ ದೊಡ್ಡ ಪಾಪ ಒಪ್ಪಿಕೊಂಡಾಗ, ಅದು ನಡೆದೇ ಇಲ್ಲ ಎಂದು ಹೇಳುವುದು ಒರಟುತನ.

ಎಷ್ಟು ಅಡಿ ಎಂದು ನಿನ್ನನ್ನು ಕೇಳಿದ್ದು ಬೇರೆ ಕಾರಣಕ್ಕೆ. ಎರಡು ಅಡಿ, ಹೆಚ್ಚಿಲ್ಲ, ದೇವರಾಣೆ ಎಂದು ಬರೆದೆ. ಗುಂಡಿಯಿಂದ ಗುಂಡಿಗೆ ಮೂರು ಅಡಿ ಎರಡು ಇಂಚು. ನನ್ನ ಹಳೆಯ ಅಳತೆಯ ವಹಿಯಲ್ಲಿ ಬರೆದಿದೆ. ಸಾಯುತ್ತೇನೆಂದು ನಂಬಿದ್ದಾಗಲೂ ಹದಿನಾಲ್ಕು ಇಂಚು ಬಚ್ಚಿಟ್ಟೆ. ನೀನು ಅಷ್ಟು ಬೇಗ ಸಾಯುವವನಲ್ಲ ಎಂದು ನನಗೆ ಮೊದಲು ಅನುಮಾನ ಬಂದದ್ದು ಆ ಪತ್ರ ಓದಿದ ದಿನ.

ಭಾನುವಾರ, ಬಕ್ರೀದಿನ ಮರುದಿನ, ಬರುತ್ತೇನೆ. ನಕ್ಷೆಯ ನಕಲು, ಟೇಪು ನಾನು ತರುತ್ತೇನೆ. ಪರಸಪ್ಪನನ್ನು ಕರೆಸಿಡು, ಕೊಡಲಿ ಬೇಡ. ಸಾಯಿರಾ ಜೊತೆಗೆ ಬರುತ್ತಾಳೆ; ಇನ್ನು ಮುಂದೆ ನಾನು ಎಲ್ಲಿಗೆ ಹೋದರೂ ಜೊತೆಗೆ ಬರುತ್ತಾಳಂತೆ.

ಚಹಾ ತರಲು ನಿನ್ನನ್ನೇ ಕಳಿಸುತ್ತೇನೆ. ಈ ಸಲ ತರುವಾಗ ಕಲ್ಲಿನ ಕಡೆ ಮುಖ ಮಾಡಿಕೊಂಡು ಬಾ.

ಸೈಫುದ್ದೀನ